ಬೊಗಳುವ ನಾಯಿಯೇ ಬೇಕು: ಪುಣೆಯ ಅಂಗಳಕ್ಕೆ ಕಾವಲು ಆರಿಸುವಾಗ

ತಳೇಗಾವದಲ್ಲೋ ವಾಘೋಲಿಯಲ್ಲೋ ಪ್ಲಾಟು ಹಿಡಿದು, ಮನೆ ಎಬ್ಬಿಸಿ, ಕಾಂಪೌಂಡಿಗೆ ಬಣ್ಣ ಬಳಿಸಿದ ಮೇಲೆ ನಮ್ಮ ಕಡೆಯವರ ಬಾಯಲ್ಲಿ ಬರುವ ಮಾತು ಒಂದೇ: "ಊರಿಂದ ಒಂದು ಮುಧೋಳ ಮರಿ ತರಿಸಿಬಿಡೋಣ." ಬೆಳಗಾವಿ, ಬಾಗಲಕೋಟೆ, ವಿಜಯಪುರ ಬಿಟ್ಟು ಬಂದು ಪುಣೆಯಲ್ಲಿ ಬೇರು ಬಿಟ್ಟವರಿಗೆ ಈ ಆಸೆ ಸಹಜ. ಮುಧೋಳ ಒಳ್ಳೆಯ ನಾಯಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರು ಗುಂಟೆ ಜಾಗದ ಗೇಟು ಕಾಯಲು ಅದು ಹೊಂದುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಆಮೇಲೆ ಬರೋಣ. ಅದಕ್ಕೂ ಮೊದಲು, ನಾಯಿಯಿಂದ ನಿಮಗೆ ಬೇಕಾಗಿರುವ ಕೆಲಸ ಏನು ಅನ್ನುವುದು ತೀರ್ಮಾನವಾಗಬೇಕು.

ಕಾವಲು ಅನ್ನುವ ಒಂದೇ ಪದದಲ್ಲಿ ಮೂರು ಕೆಲಸ ಸೇರಿವೆ. ಯಾರೋ ಬಂದರು ಅಂತ ಎಬ್ಬಿಸುವುದು ಒಂದು. ಬಂದವನು ಒಳಗೆ ಕಾಲಿಡದಂತೆ ಅಡ್ಡ ನಿಲ್ಲುವುದು ಇನ್ನೊಂದು. ಮೈಮೇಲೆ ಬಿದ್ದು ಹಿಡಿಯುವುದು ಮೂರನೆಯದು. ಈ ಮೂರನೆಯದು ಪೊಲೀಸ್ ಮತ್ತು ಸೇನೆಯ ನಾಯಿಗಳ ಕೆಲಸ. ಅಲ್ಲಿ ಒಂದು ನಾಯಿಗೆ ಒಬ್ಬ ಹ್ಯಾಂಡ್ಲರ್ ಇರುತ್ತಾನೆ, ದಿನಾ ಅಭ್ಯಾಸ ಇರುತ್ತದೆ, "ಬಿಡು" ಅಂದ ಕೂಡಲೇ ಬಾಯಿ ಬಿಡುವಷ್ಟು ಶಿಸ್ತು ಇರುತ್ತದೆ. ಆಫೀಸಿಗೆ ಹೋಗುವ ಸಂಸಾರಸ್ಥರ ಮನೆಯಲ್ಲಿ ಇದ್ಯಾವುದೂ ಇರುವುದಿಲ್ಲ. "ಬೊಗಳುವ ನಾಯಿ ಕಚ್ಚುವುದಿಲ್ಲ" ಎಂಬ ಗಾದೆಯನ್ನು ನಾವು ಹಂಗಿಸಲು ಬಳಸುತ್ತೇವೆ, ಆದರೆ ಮನೆಗೆ ಬೇಕಾದದ್ದು ಅಂಥ ನಾಯಿಯೇ. ಮನೆನಾಯಿಯ ಹಲ್ಲಿಗೆ ಸಿಗುವವನು ಸಾಮಾನ್ಯವಾಗಿ ಕಳ್ಳನಲ್ಲ; ಕೊರಿಯರ್ ಹುಡುಗ, ಗ್ಯಾಸ್ ಸಿಲಿಂಡರ್ ಹೊತ್ತು ತರುವವನು, ಕೆಲಸದವಳ ಮಗು. ಕಳ್ಳನಿಗೆ ಬೇಕಾಗಿರುವುದು ನಿಶ್ಶಬ್ದ. ಅದು ಸಿಗದಿದ್ದರೆ ಅವನು ಪಕ್ಕದ ಮನೆ ನೋಡಿಕೊಳ್ಳುತ್ತಾನೆ.

ಕಾನೂನು ಕೂಡ ಈ ಕಡೆಗೇ ಇದೆ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದೆ ಅಲಕ್ಷ್ಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಳೆಯ ದಂಡ ಸಂಹಿತೆಯಲ್ಲಿ ಇದೇ 289ನೇ ಕಲಮಾಗಿತ್ತು. ಗೇಟಿಗೆ ಬೋರ್ಡು ಹಾಕಿದ್ದೆ ಎಂದರೆ ಹೊಣೆ ಕಳಚುವುದಿಲ್ಲ. ಆದರೂ ಬೋರ್ಡು ಇರಲಿ, ಅದೂ ಮರಾಠಿಯಲ್ಲಿ. ಅಭಿಮಾನಕ್ಕೆ "ನಾಯಿ ಇದೆ ಎಚ್ಚರಿಕೆ" ಅಂತ ಕನ್ನಡದಲ್ಲಷ್ಟೇ ಬರೆಸಿದರೆ ಓದುವವರು ಯಾರು? ಪುಣೇರಿ ಪಾಟಿಗಳ, ಅಂದರೆ ಕೊಂಕು ಮಾತಿನ ಬೋರ್ಡುಗಳ, ಊರಿನಲ್ಲಿ ಖಾರವಾಗಿ ಎರಡು ಸಾಲು ಬರೆಯುವ ಪೇಂಟರನಿಗೇನೂ ಬರವಿಲ್ಲ.

ನಾಯಿ ಆರಿಸುವ ಮೊದಲು ಕಾಂಪೌಂಡಿನ ಸುತ್ತ ಟೇಪು ಹಿಡಿದು ಒಂದು ಸುತ್ತು ಬನ್ನಿ. ಗೋಡೆ 5 ಅಡಿಗಿಂತ ಕಡಿಮೆ ಇದ್ದರೆ ದೊಡ್ಡ ನಾಯಿಯ ಮಾತು ಬೇಡ. ಜರ್ಮನ್ ಶೆಫರ್ಡ್‌ಗೆ 5 ಅಡಿ ಸಾಲಬಹುದು. ಡಾಬರ್ಮನ್, ಮುಧೋಳ, ಬೆಲ್ಜಿಯನ್ ಮ್ಯಾಲಿನ್ವಾ ಅಂದರೆ 6 ಅಡಿ ಬೇಕು, ಮೇಲೆ ಒಳಮುಖವಾಗಿ ಒಂದೂವರೆ ಅಡಿ ಬಾಗಿದ ಜಾಳಿಯಿದ್ದರೆ ಇನ್ನೂ ವಾಸಿ. ಎತ್ತರ ಅಳೆಯುವಾಗ ನೆಲದಿಂದ ಅಳೆದು ಸುಮ್ಮನಾಗಬೇಡಿ. ಗೋಡೆಗೆ ತಾಗಿಸಿ ನಿಲ್ಲಿಸಿದ ಕಾರಿನ ಬಾನೆಟ್, ತುಳಸಿಕಟ್ಟೆ, ಸಿಂಟೆಕ್ಸ್ ಟಾಕಿಯ ಕಟ್ಟೆ, ಮನೆ ಕಟ್ಟಿಸಿದಾಗ ಉಳಿದ ಇಟ್ಟಿಗೆ ರಾಶಿ, ಇವೆಲ್ಲ ನಾಯಿಗೆ ಮೆಟ್ಟಿಲುಗಳೇ. ಅಲ್ಲಿಂದ ಅಳೆದರೆ ನಿಮ್ಮ 6 ಅಡಿ ಗೋಡೆ 3 ಅಡಿಯಾಗಿರುತ್ತದೆ.

ಇನ್ನು ಗೇಟು. ಜಾರುವ ಗೇಟಿನ ಕೆಳಗೆ ಹಳಿಗಾಗಿ ಬಿಟ್ಟ ಸಂದು 4 ಅಂಗುಲ ದಾಟಿದರೆ ಮರಿ ನುಸುಳುತ್ತದೆ. ದೊಡ್ಡ ನಾಯಿ ನುಸುಳುವುದಿಲ್ಲ, ಆದರೆ ಮೂತಿ ಹೊರಗೆ ಹಾಕುತ್ತದೆ, ಅಷ್ಟರಲ್ಲಿ ದಾರಿಹೋಕನ ಕಾಲು ಸಿಕ್ಕಿರುತ್ತದೆ. ಕಂಬಿಗಳ ನಡುವೆ ಮಗುವಿನ ಕೈ ತೂರುವಷ್ಟು ಜಾಗವಿದ್ದರೂ ಇದೇ ಕಥೆ. ಗೇಟಿನ ಕೆಳಭಾಗಕ್ಕೆ 3 ಅಡಿ ಎತ್ತರದವರೆಗೆ ಶೀಟು ಬೆಸೆಸಿದರೆ ಎರಡು ಲಾಭ: ಕೈ ತೂರುವುದಿಲ್ಲ, ರಸ್ತೆಯಲ್ಲಿ ಹೋಗುವ ಪ್ರತಿ ಚಪ್ಪಲಿ ನಾಯಿಗೆ ಕಾಣುವುದಿಲ್ಲ. ಕಂಡದ್ದಕ್ಕೆಲ್ಲ ಬೊಗಳುವ ನಾಯಿಯ ಮಾತನ್ನು ಮನೆಯವರು ಒಂದೇ ತಿಂಗಳಲ್ಲಿ ಕೇಳುವುದು ಬಿಡುತ್ತಾರೆ, ಅಲ್ಲಿಗೆ ಕಾವಲು ಮುಗಿಯಿತು. ಬೆಲ್ಲು, ಹಾಲಿನ ಚೀಲ, ಪಾರ್ಸಲ್ ಡಬ್ಬಿ ಮೂರೂ ಗೇಟಿನ ಹೊರಮುಖಕ್ಕೆ ಇರಲಿ. ಜಾಗವಿದ್ದರೆ ದೊಡ್ಡ ಗೇಟಿನ ಒಳಗೆ 6 ಅಡಿ ಬಿಟ್ಟು 4 ಅಡಿಯ ಇನ್ನೊಂದು ಚಿಕ್ಕ ಗೇಟು ಕೂರಿಸಿ. ಹೊರಗಿನದು ಮುಚ್ಚಿದ ಮೇಲೆಯೇ ಒಳಗಿನದು ತೆರೆಯುವುದು. ಕಾರು ಒಳಗೆ ತರುವಾಗ ಓಡಿಹೋಗುವ ನಾಯಿಗಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಈಗ ಜಾತಿಯ ವಿಷಯ. ಮುಧೋಳದಿಂದಲೇ ಶುರು ಮಾಡೋಣ.

ಮಹಾರಾಷ್ಟ್ರದವರು ಕಾರವಾನ್ ಎನ್ನುವ, ನಮ್ಮವರು ಮುಧೋಳ ಎನ್ನುವ ಈ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ. ಸಣ್ಣ ಸೊಂಟ, ಆಳವಾದ ಎದೆ, ಉದ್ದ ಕಾಲು. ದೂರದಲ್ಲಿ ಏನೋ ಅಲುಗಿತು ಅಂದರೆ ಮೊದಲು ಓಟ, ಆಮೇಲೆ ಯೋಚನೆ. 2005ರಲ್ಲಿ ಅಂಚೆ ಇಲಾಖೆ ದೇಸಿ ನಾಯಿಗಳ ಚೀಟಿ ತಂದಾಗ ಅದರಲ್ಲಿ ಇದೂ ಇತ್ತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಈ ತಳಿಗೆಂದೇ ಇದೆ. ಅಪರಿಚಿತರನ್ನು ಕಂಡರೆ ಇದಕ್ಕೆ ಆಗದು, ಅದು ನಿಜ. ಆದರೆ ಎದುರು ನಿಂತು ಬೊಗಳುವ ಬದಲು ದೂರ ಸರಿದು ನೋಡುವುದು ಇದರಲ್ಲಿ ಹಲವಕ್ಕೆ ಸ್ವಭಾವ. ಬೆಕ್ಕು, ಕೋಳಿ, ಸ್ಕೂಟರಿನ ಹಿಂದೆ ಗೋಡೆ ಹಾರಿ ಹೋದರೆ ಕರೆದಾಗ ತಿರುಗಿ ಬರುವ ನಾಯಿಯಲ್ಲ. ಮುಳ್ಳುತಂತಿಗೆ ಸಿಕ್ಕರೆ ತೆಳು ಚರ್ಮ ಸೀಳಿಹೋಗುತ್ತದೆ. ಮುಳಶಿಯ ಕಡೆ ಒಂದು ಎಕರೆಗೆ ಪೂರ್ತಿ ಜಾಳಿ ಬೇಲಿ ಹಾಕಿದ್ದೀರಿ, ದಿನಾ ಬೆಳಗ್ಗೆ ಓಡಿಸುವವರು ಇದ್ದಾರೆ ಅಂದರೆ ಧಾರಾಳವಾಗಿ ತನ್ನಿ. ಮೂರು ಗುಂಟೆಗೆ ಬೇಡ. ಊರಿನ ಹೊಲದಲ್ಲಿ ಚೆನ್ನಾಗಿ ಕಾವಲು ಕಾಯುತ್ತದಲ್ಲ ಅಂದರೆ, ಅಲ್ಲಿ ಅದಕ್ಕೆ ಹೊಲ ಇದೆ.

ಜರ್ಮನ್ ಶೆಫರ್ಡ್‌ನಲ್ಲಿ ಎಬ್ಬಿಸುವ ಗುಣವೂ ಇದೆ, ಕಲಿಯುವ ಗುಣವೂ ಇದೆ. ಹೆಣ್ಣು 22ರಿಂದ 32 ಕೆಜಿ, ಗಂಡು 30ರಿಂದ 40. ಮುಂಬೈಯ ಬೆವರುವ ಹವೆಯಲ್ಲಿ ಇದರ ಚರ್ಮ ಕೊಳೆತು ಗಾಯವಾಗುತ್ತದೆ. ಪುಣೆಯ ಹವೆಯಲ್ಲಿ ಬಾಳುತ್ತದೆ, ಏಪ್ರಿಲ್ ಮೇ ಬಿಟ್ಟು. ಮಾರುವವರು "ಡಬಲ್ ಕೋಟ್" ಅಂತ ಹೆಚ್ಚು ಹಣ ಕೇಳುತ್ತಾರೆ. ಶೆಫರ್ಡ್‌ಗಳಿಗೆ ಹುಟ್ಟಿನಿಂದಲೇ ಎರಡು ಪದರದ ಕೂದಲು ಇರುತ್ತದೆ. ಅವರು ಮಾರುತ್ತಿರುವುದು ಉದ್ದ ಕೂದಲಿನ ಮರಿಯನ್ನು, ನಮ್ಮ ಬಿಸಿಲಿಗೆ ಅದರಿಂದ ನಷ್ಟವೇ. "ಹೆವಿ ಬೋನ್", "ಚಾಂಪಿಯನ್ ಲೈನ್" ಎಂಬವೂ ಇದೇ ಸಂತೆಯ ಮಾತುಗಳು. ಕೇಳಬೇಕಾದದ್ದು ತಾಯಿ ತಂದೆಯ ಸೊಂಟದ ಎಕ್ಸ್‌ರೇ, ಏಕೆಂದರೆ ಸೊಂಟದ ಕೀಲು ಸಡಿಲವಾಗುವ ರೋಗ ಈ ಜಾತಿಯಲ್ಲಿ ವಂಶದಿಂದ ಬರುತ್ತದೆ. ಹಿಂಗಾಲು ತೀರಾ ಇಳಿಜಾರಾಗಿ ನಿಂತ ನಾಯಿಯ ಮರಿ ಬೇಡ.

ಡಾಬರ್ಮನ್ ಹುಟ್ಟಿದ್ದೇ ಕಾವಲಿಗೆ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಅಪೋಲ್ಡಾದಲ್ಲಿ ತೆರಿಗೆ ವಸೂಲಿ ಮಾಡುತ್ತಿದ್ದ ಲೂಯಿ ಡಾಬರ್ಮನ್ ತನ್ನ ರಕ್ಷಣೆಗೆ ಬೆಳೆಸಿದ ತಳಿ ಎಂದು ಹೇಳುತ್ತಾರೆ. ಗಿಡ್ಡ ಕೂದಲು, ನಮ್ಮ ಹವೆಗೆ ಒಗ್ಗುತ್ತದೆ, ಹೆದರಿಸಲು ನಿಂತ ಭಂಗಿಯೇ ಸಾಕು. ಆದರೆ ಮನೆಯವರನ್ನು ಬಿಟ್ಟಿರಲಾರದು. ಹಿತ್ತಲಿನಲ್ಲಿ ಕಟ್ಟಿಹಾಕಿದರೆ ತನ್ನ ಮುಂಗಾಲು, ಪಕ್ಕೆ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ. ಹೃದಯ ಹಿಗ್ಗುವ ರೋಗವೂ ಈ ಜಾತಿಗೆ ಅಂಟಿದ್ದು. ನಡುವಯಸ್ಸಿನಲ್ಲಿ ಆಡುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಬಿದ್ದುಹೋಗಬಹುದು. ರಾಟ್‌ವೈಲರ್ ಗಂಡು 50 ಕೆಜಿ ತೂಗುತ್ತದೆ. ಮನೆಯಲ್ಲಿ ಅದನ್ನು ಹಗ್ಗ ಹಿಡಿದು ನಿಲ್ಲಿಸಬಲ್ಲವರು ಎಷ್ಟು ಜನ ಎಂದು ಎಣಿಸಿ. ಒಬ್ಬರೇ ಆದರೆ ಆ ಒಬ್ಬರು ಟೂರಿಗೆ ಹೋದ ದಿನ ಏನು? ಪಿಟ್‌ಬುಲ್, ಕೇನ್ ಕಾರ್ಸೊ, ಕಂಗಾಲ್, ಡೋಗೊ ಇವನ್ನು ಮೊದಲ ನಾಯಿಯಾಗಿ ತರುವುದು ಹುಡುಗಾಟ. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ ರಾಟ್‌ವೈಲರ್ ಸೇರಿ 23 ತಳಿಗಳ ಮೇಲೆ ನಿರ್ಬಂಧದ ಸುತ್ತೋಲೆ ಕಳಿಸಿತು, ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕೊಳ್ಳುವ ಮುನ್ನ ನಿಮ್ಮ ಪಾಲಿಕೆಯ ಪಶುವೈದ್ಯ ವಿಭಾಗದಲ್ಲಿ ಈಗಿನ ಸ್ಥಿತಿ ಕೇಳಿ. ಮ್ಯಾಲಿನ್ವಾ ಈಚೆಗೆ ಫ್ಯಾಶನ್. ದಿನಕ್ಕೆ ಎರಡು ತಾಸು ಕೆಲಸ ಕೊಡದಿದ್ದರೆ ಸೋಫಾದಿಂದ ಶುರು ಮಾಡಿ ಬಾಗಿಲ ಚೌಕಟ್ಟಿನವರೆಗೆ ತಿನ್ನುತ್ತದೆ. ರಾಜಪಾಳಯಂ ಬಿಳಿ ಮರಿ ಕೊಳ್ಳುವವರು ಅದರ ಬೆನ್ನ ಹಿಂದೆ, ಗಾಳಿ ತಾಗದಷ್ಟು ದೂರದಿಂದ ಚಪ್ಪಾಳೆ ತಟ್ಟಿ ನೋಡಬೇಕು. ಈ ತಳಿಯಲ್ಲಿ ಹುಟ್ಟು ಕಿವುಡು ಕಾಣಿಸುತ್ತದೆ. ಕಾವಲು ನಾಯಿಗೇ ಕಿವಿ ಕೇಳದಿದ್ದರೆ ಹೇಗೆ? ಲ್ಯಾಬ್ರಡಾರ್ ಕಳ್ಳನಿಗೆ ಟಾರ್ಚು ಹಿಡಿಯುತ್ತದೆ ಎನ್ನುವ ಜೋಕಿನಲ್ಲಿ ಅರ್ಧ ಸತ್ಯವಿದೆ. ದನಿ ದೊಡ್ಡದು, ಮನಸ್ಸು ಮೆತ್ತಗೆ.

ಇಷ್ಟೆಲ್ಲ ಹೇಳಿದ ಮೇಲೆ, ಮೂರು ನಾಲ್ಕು ಗುಂಟೆಯ ಮನೆಗೆ ನನ್ನ ಮೊದಲ ಮತ ನಾಟಿ ನಾಯಿಗೆ, ಇಲ್ಲಿಯವರು ಗಾವಠಿ ಅನ್ನುವುದಕ್ಕೆ. ಅದರಲ್ಲೂ ಹೆಣ್ಣು. 15ರಿಂದ 20 ಕೆಜಿ, ಗಿಡ್ಡ ಕೂದಲು, ಚುರುಕು ಕಿವಿ, ತನ್ನ ಗಡಿ ಯಾವುದು ಎಂದು ಯಾರೂ ಕಲಿಸದೆ ತಿಳಿದುಕೊಳ್ಳುವ ಬುದ್ಧಿ. ಹೆಣ್ಣು ಊರು ಸುತ್ತುವುದು ಕಡಿಮೆ, ಬೇಗ ಪಕ್ವವಾಗುತ್ತದೆ. ಸಂತಾನಹರಣ ಮಾಡಿಸಿಬಿಟ್ಟರೆ ಬೆದೆಯ ದಿನಗಳಲ್ಲಿ ಓಣಿಯ ಗಂಡು ನಾಯಿಗಳೆಲ್ಲ ಗೇಟಿನ ಮುಂದೆ ಜಾಗರಣೆ ಮಾಡುವುದೂ ತಪ್ಪುತ್ತದೆ. ವರ್ಷ ತುಂಬಿದ ನಾಯಿಯನ್ನೇ ದತ್ತು ತೆಗೆದುಕೊಂಡರೆ ಅದರ ಸ್ವಭಾವ ಕಣ್ಣೆದುರೇ ಇರುತ್ತದೆ, ಮರಿಯಲ್ಲಿ ಅದು ಜೂಜು. ಕಿವಿಯ ಅಂಚು ಕತ್ತರಿಸಿದ ಗುರುತಿದ್ದರೆ ಬೀದಿನಾಯಿ ಯೋಜನೆಯಲ್ಲಿ ಆಪರೇಷನ್ ಆಗಿದೆ ಎಂದರ್ಥ. ನೋಡುವವರಿಗೆ ಭಯ ಹುಟ್ಟಬೇಕು ಎಂಬ ಹಟವಿದ್ದರೆ ಶೆಫರ್ಡ್ ಹೆಣ್ಣು ಎರಡನೆಯ ಆಯ್ಕೆ. ಫಾರ್ಮ್‌ಹೌಸಿಗೆ ಇನ್ನೊಂದು ಉಪಾಯ: ಮನೆಯೊಳಗೆ ಒಂದು ಸ್ಪಿಟ್ಜ್, ನಾವೆಲ್ಲ ಪೊಮೇರಿಯನ್ ಅಂತ ಕರೆಯುವುದು, ಹೊರಗೆ ಒಂದು ದೊಡ್ಡ ನಾಯಿ. ಮೊದಲು ಕೇಳಿಸಿಕೊಳ್ಳುವುದು ಪುಟ್ಟದು, ನಂಬಿಸುವುದು ದೊಡ್ಡದು. ಆದರೆ ಒಂದೇ ಸೂಲಿನ ಎರಡು ಮರಿ ಒಟ್ಟಿಗೆ ತರಬೇಡಿ. ಅವು ಒಂದನ್ನೊಂದು ಹಚ್ಚಿಕೊಂಡು ನಿಮ್ಮ ಮಾತು ಕಿವಿಗೆ ಹಾಕಿಕೊಳ್ಳುವುದಿಲ್ಲ, ದೊಡ್ಡವಾದ ಮೇಲೆ ಎಷ್ಟೋ ಸಲ ಜಗಳಕ್ಕೂ ಬೀಳುತ್ತವೆ.

ಮರಿಯನ್ನೇ ಕೊಳ್ಳುವುದಾದರೆ 2017ರ ಶ್ವಾನ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ 8 ವಾರಕ್ಕಿಂತ ಚಿಕ್ಕ ಮರಿ ಮಾರುವಂತಿಲ್ಲ, ಬ್ರೀಡರ್ ನೋಂದಣಿ ಮಾಡಿಸಿರಲೇಬೇಕು. "35 ದಿನಕ್ಕೇ ತಗೊಂಡ್ರೆ ನಿಮಗೇ ಹಚ್ಚಿಕೊಳ್ಳುತ್ತೆ" ಎನ್ನುವವನ ಬಳಿ ಕೊಳ್ಳಬೇಡಿ. ಎಷ್ಟು ಗಟ್ಟಿಯಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ಐದರಿಂದ ಎಂಟು ವಾರದೊಳಗೆ, ಒಡಹುಟ್ಟಿದವರ ಜೊತೆ ಆಡುತ್ತ. ಅದು ತಪ್ಪಿದ ಮರಿಯ ಹಲ್ಲಿಗೆ ಅಂಕೆ ಇರುವುದಿಲ್ಲ. ಫೋಟೋ ನೋಡಿ, ಪಾರ್ಕಿಂಗ್ ಜಾಗದಲ್ಲಿ ಕೈಗಿತ್ತ ಮರಿ ಬೇಡ. ತಾಯಿಯನ್ನು ನೋಡಲೇಬೇಕು. ನೀವು ಒಳಗೆ ಹೋದಾಗ ತಾಯಿ ನಾಲ್ಕು ಸಲ ಬೊಗಳಿ, ಯಜಮಾನ ಸುಮ್ಮನಿರು ಅಂದ ಮೇಲೆ ಬಂದು ಮೂಸಿದರೆ ಅದು ಒಳ್ಳೆಯ ಮನೆತನ. ಮೂಲೆಯಲ್ಲಿ ನಡುಗುತ್ತಿದ್ದರೆ, ಅಥವಾ ಬಿಡಿಸಿಕೊಂಡು ಬರಲು ಹಾತೊರೆಯುತ್ತಿದ್ದರೆ, ಮರಿ ಎಷ್ಟು ಮುದ್ದಾಗಿದ್ದರೂ ಎದ್ದು ಬನ್ನಿ.

ಮರಿಗಳ ಗುಂಪಿನಿಂದ ಎರಡು ಗಜ ದೂರದಲ್ಲಿ ಕೀಲಿಕೈ ಗೊಂಚಲು ನೆಲಕ್ಕೆ ಬೀಳಿಸಿ. ಬೆಚ್ಚಿ, ಒಂದೆರಡು ಹೆಜ್ಜೆ ಹಿಂದೆ ಸರಿದು, ಕ್ಷಣ ಬಿಟ್ಟು ಮೂಸಲು ಬರುವ ಮರಿ ನಿಮ್ಮದು. ಬೆಚ್ಚದೇ ಎಗರಿ ಬಂದು ಕಚ್ಚಿ ಎಳೆಯುವುದು ಅನುಭವಸ್ಥರಿಗೆ. ಓಡಿ ಹೋಗಿ ತಾಯಿಯ ಹಿಂದೆ ಸೇರಿ ಹೊರಗೇ ಬಾರದ್ದು ಮುಂದೆ ಹೆದರಿ ಕಚ್ಚುವ ನಾಯಿಯಾಗುವ ಸಂಭವ ಹೆಚ್ಚು. ಆಮೇಲೆ ಮರಿಯನ್ನು ಎತ್ತಿ ನೋಡಿ: ಹೊಕ್ಕುಳಲ್ಲಿ ಗಂಟಿಲ್ಲವೇ, ಕಿವಿಯಿಂದ ವಾಸನೆ ಇಲ್ಲವೇ, ಮೇಲಿನ ಮುಂಬಲ್ಲು ಕೆಳಗಿನದರ ಮೇಲೆ ಕತ್ತರಿಯಂತೆ ಕೂರುತ್ತದೆಯೇ. ಹೊಟ್ಟೆ ಮಾತ್ರ ಡೋಲಿನಂತೆ ಉಬ್ಬಿ ಪಕ್ಕೆಲುಬು ಕಾಣುತ್ತಿದ್ದರೆ ಜಂತು.

ತರುವ ಕಾಲವೂ ಮುಖ್ಯ, ಇದನ್ನು ಯಾರೂ ಹೇಳುವುದಿಲ್ಲ. ಪುಣೆಯಲ್ಲಿ ಜುಲೈ ಆಗಸ್ಟಿನಿಂದಲೇ ಢೋಲ್ ತಾಶಾ ಪಥಕಗಳ ತಾಲೀಮು ಶುರು, ಆಮೇಲೆ ಗಣಪತಿ, ಅದರ ಬೆನ್ನಿಗೆ ದೀಪಾವಳಿ ಪಟಾಕಿ. ಮರಿ ಭಯ ಧೈರ್ಯ ಕಲಿಯುವ 3ರಿಂದ 14 ವಾರದ ಅವಧಿ ಇದರಲ್ಲಿ ಬಂದರೆ ಕೆಲವು ಮರಿಗಳು ಜೀವನವಿಡೀ ಸದ್ದಿಗೆ ಹೆದರುತ್ತವೆ. ದೀಪಾವಳಿ ಮುಗಿದ ಮೇಲೆ, ನವೆಂಬರ್ ಕೊನೆಗೆ ತಂದರೆ ಚಳಿಗಾಲದಲ್ಲಿ ಲಸಿಕೆಗಳೆಲ್ಲ ಮುಗಿಯುತ್ತವೆ, ಮಳೆ ಬರುವಷ್ಟರಲ್ಲಿ ಮರಿ ಗಟ್ಟಿಯಾಗಿರುತ್ತದೆ. ಲಸಿಕೆಯ ಲೆಕ್ಕ ಸುಮಾರಾಗಿ ಹೀಗೆ: 6ರಿಂದ 8 ವಾರಕ್ಕೆ ಪಾರ್ವೋ, ಡಿಸ್ಟೆಂಪರ್ ಎಂಬ ಸಾಂಕ್ರಾಮಿಕ ರೋಗಗಳ ವಿರುದ್ಧ ಮೊದಲ ಚುಚ್ಚುಮದ್ದು, ಮೂರು ನಾಲ್ಕು ವಾರಕ್ಕೊಮ್ಮೆ ಲೆಪ್ಟೋಸ್ಪೈರೋಸಿಸ್ (ಇಲಿಜ್ವರ) ಲಸಿಕೆಯನ್ನೂ ಸೇರಿಸಿ ಮತ್ತೆ, ಮೂರು ತಿಂಗಳಿಗೆ ರೇಬೀಸ್, ಆಮೇಲೆ ವರ್ಷವರ್ಷ. ಪಾಲಿಕೆಯ ಪರವಾನಗಿಗೂ ರೇಬೀಸ್ ಪ್ರಮಾಣಪತ್ರ ಬೇಕು. ಪುಣೆ, ಪಿಂಪ್ರಿ ಚಿಂಚವಾಡ ಎರಡೂ ಕಡೆ ಪರವಾನಗಿ ಕಡ್ಡಾಯ. ಊರಿಂದ ಕಾರಿನಲ್ಲಿ ಮರಿ ತರುವವರು ದಾರಿಯ ಧಾಬಾಗಳಲ್ಲಿ ನೆಲಕ್ಕೆ ಬಿಡಬೇಡಿ. ಹತ್ತಾರು ನಾಯಿ ಓಡಾಡುವ ಆ ಮಣ್ಣಿನಲ್ಲಿ ಪಾರ್ವೋ ವಿಷಾಣು ತಿಂಗಳುಗಟ್ಟಲೆ ಬದುಕಿರುತ್ತದೆ. ಹಳೆ ಪೇಪರು ಹಾಸಿದ ಡಬ್ಬ ಒಯ್ಯಿರಿ.

ಒಂದು ಮಾತು ಮೊದಲೇ ತಿಳಿದಿರಲಿ: ಈ ವರ್ಷ ತಂದ ಮರಿ ಈ ವರ್ಷ ಕಾವಲು ಕಾಯುವುದಿಲ್ಲ. ನಾಟಿ ನಾಯಿ ಎಂಟು ಹತ್ತು ತಿಂಗಳಿಗೆ ಬೊಗಳಲು ಶುರು ಮಾಡಬಹುದು, ಶೆಫರ್ಡ್ ಡಾಬರ್ಮನ್‌ಗಳಿಗೆ ಒಂದೂವರೆ ವರ್ಷ, ರಾಟ್‌ವೈಲರ್‌ಗೆ ಎರಡು. ಅದಕ್ಕೂ ಮುಂಚೆ ಕೆಣಕಿ, ಗೋಣಿಚೀಲ ಕಚ್ಚಿಸಿ "ತಯಾರು" ಮಾಡಹೊರಟರೆ ಭಯಸ್ಥ ನಾಯಿ ಸಿದ್ಧವಾಗುತ್ತದೆ. ನಮ್ಮ ಮಕ್ಕಳಿಗೆ ಬಹಳ ಪ್ರಿಯವಾದ "ಛೂ" ಇದೆಯಲ್ಲ, ಮನೆಯಲ್ಲಿ ಯಾರೂ ಆ ಶಬ್ದ ಆಡಕೂಡದು.

ಕೆನಲ್ ಕಟ್ಟುವಾಗ ನೆಲಕ್ಕೆ ಶಹಾಬಾದಿ ಫರ್ಶಿ ಒಳ್ಳೆಯದು. ನಮ್ಮ ಕಲಬುರಗಿ ಜಿಲ್ಲೆಯ ಕಲ್ಲು, ಪುಣೆಯ ಹಳೆ ವಾಡೆಗಳ ತುಂಬ ಇದೆ. ಪಾಲಿಶ್ ಮಾಡಿಸಬೇಡಿ, ಒರಟಾಗಿಯೇ ಇದ್ದರೆ ಬೆಳೆಯುವ ಮರಿಯ ಕಾಲು ಜಾರುವುದಿಲ್ಲ. 50 ಅಡಿಗೆ ಒಂದು ಅಡಿಯಷ್ಟು ಇಳಿಜಾರು ಕೊಟ್ಟರೆ ನೀರು ನಿಲ್ಲುವುದಿಲ್ಲ. ಇದು ಸುಣ್ಣದ ಕಲ್ಲು, ಆಸಿಡ್ ಹಾಕಿ ತೊಳೆದರೆ ತಿಂದುಹೋಗುತ್ತದೆ. ಎಲ್ಲರೂ ತಪ್ಪುವುದು ಜೋಡಣೆಯ ಸಂದಿನಲ್ಲಿ. ಉಣ್ಣಿ ನಾಯಿಯ ಮೈಮೇಲೆ ರಕ್ತ ಕುಡಿದು ಕೆಳಗೆ ಬಿದ್ದು, ಮೊಟ್ಟೆಯಿಡಲು ಹುಡುಕುವುದು ಇಂಥ ಬಿರುಕುಗಳನ್ನೇ. ಟಾರ್ಚು ಹಿಡಿದು ನೋಡಿದರೆ ಫರ್ಶಿಯ ಸಂದಿನಲ್ಲಿ, ಗೋಡೆಯ ಮೂಲೆಯಲ್ಲಿ, ಬಾಗಿಲ ಚೌಕಟ್ಟಿನ ಹಿಂದೆ ಸಾಸಿವೆಯಂಥ ಮರಿ ಉಣ್ಣಿಗಳು ಸಾಲುಗಟ್ಟಿ ಮೇಲೇರುವುದು ಕಾಣುತ್ತದೆ. ನಾಯಿಗೆ ಮಾತ್ರ ಔಷಧ ಹಾಕಿ ಗೋಡೆ ಬಿಟ್ಟರೆ ಮೂರು ವಾರಕ್ಕೆ ಮತ್ತೆ ಅದೇ ಗೋಳು. ಸಂದುಗಳನ್ನು ಸಿಮೆಂಟಿನಿಂದ ತುಂಬಿಸಿ, ಗೋಡೆಗೆ 3 ಅಡಿ ಎತ್ತರ ನುಣ್ಣಗೆ ಗಿಲಾವು ಮಾಡಿಸಿ. ಪುಣೆಯಲ್ಲಿ ಉಣ್ಣಿ ಜ್ವರ ಸಾಮಾನ್ಯ. ನಾಯಿ ಊಟ ಬಿಟ್ಟು ಮಂಕಾದರೆ ತುಟಿ ಎತ್ತಿ ಒಸಡು ನೋಡಿ. ಬಿಳಿಚಿದ್ದರೆ, ಮೂಗಿನಿಂದ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನಾಳೆ ನೋಡೋಣ ಅನ್ನದೆ ಅವತ್ತೇ ರಕ್ತ ಪರೀಕ್ಷೆ.

ಗೂಡು ನೆಲದಿಂದ 6 ಅಂಗುಲ ಎತ್ತರ ಇರಲಿ. ಇಲ್ಲಿ ಮಳೆಗಾಳಿ ಬರುವುದು ಪಶ್ಚಿಮ, ನೈಋತ್ಯದಿಂದ, ಹಾಗಾಗಿ ಬಾಯಿ ಪೂರ್ವಕ್ಕೆ. ತಗಡಿನ ಮಾಡು ಬೇಡವೇ ಬೇಡ. ಮೇ ತಿಂಗಳಲ್ಲಿ ಒಲೆಯಾಗುತ್ತದೆ, ಜುಲೈಯಲ್ಲಿ ಮಳೆಯ ಸದ್ದಿಗೆ ಒಳಗಿರುವ ನಾಯಿಗೆ ಗೇಟಿನ ಸದ್ದು ಕೇಳುವುದೇ ಇಲ್ಲ. ಮಂಗಳೂರು ಹೆಂಚು ಹೊದಿಸಿ. ಗೂಡಿನಿಂದ ಗೇಟು ಮತ್ತು ಮನೆಬಾಗಿಲು ಎರಡೂ ಕಾಣಬೇಕು, ಆದರೆ ಗೇಟಿಗೆ ಅಂಟಿರಬಾರದು.

ಸರಪಳಿಯ ಬಗ್ಗೆ. ಹಗಲಿಡೀ ಕಟ್ಟಿದ ನಾಯಿಗೆ ಓಡುವ ದಾರಿ ಇಲ್ಲದ ಕಾರಣ ಹತ್ತಿರ ಬಂದವರನ್ನು ಕಚ್ಚುವುದೊಂದೇ ಉಳಿಯುತ್ತದೆ. ಕಟ್ಟಿದರೆ ರೋಷ ಬರುತ್ತದೆ ಎಂದು ಜನ ಹೇಳುವುದು ಈ ಹತಾಶೆಯನ್ನೇ. ಪುಣೆ ಜಿಲ್ಲೆಯಲ್ಲಿ ಇನ್ನೊಂದು ಅಪಾಯವೂ ಇದೆ. ಜುನ್ನರ, ಆಂಬೇಗಾವ, ಖೇಡ, ಶಿರೂರಿನ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಮರಿ ಹಾಕಿ ಬೆಳೆಯುತ್ತಿವೆ. ಹತ್ತಿರದ ಅಕೋಲೆ ತಾಲೂಕಿನಲ್ಲಿ ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಚಿರತೆಯ ಆಹಾರದ ತೂಕದಲ್ಲಿ ಶೇ 39ರಷ್ಟು ಸಾಕು ಮತ್ತು ಬೀದಿ ನಾಯಿಗಳದ್ದೇ ಆಗಿತ್ತು. ಕಬ್ಬು ಕಟಾವಿನ ತಿಂಗಳುಗಳಲ್ಲಿ ಅವು ಜಾಗ ಬದಲಿಸುತ್ತ ಊರಂಚಿಗೆ ಬರುತ್ತವೆ. ಅಂಗಳದಲ್ಲಿ ಕಟ್ಟಿದ ನಾಯಿ ಆಗ ಕಾವಲಲ್ಲ, ಎರೆ. ಅಂಥ ಕಡೆ ಕತ್ತಲಾದ ಮೇಲೆ ನಾಯಿ ಗ್ರಿಲ್ ಹಾಕಿದ ವರಾಂಡದೊಳಗೆ ಇರಬೇಕು, ಮೇಲ್ಭಾಗವೂ ಮುಚ್ಚಿರಬೇಕು. ಒಳಗಿನಿಂದಲೂ ಅದರ ಕಿವಿ ಕೇಳುತ್ತದೆ, ದನಿ ಹೊರಗೆ ಹೋಗುತ್ತದೆ.

ವರಾಂಡದ ಇನ್ನೊಂದು ಲಾಭ, ವಿಷ ಬೆರೆಸಿದ ಮಾಂಸದ ತುಂಡು ಗೋಡೆಯಾಚೆಯಿಂದ ಬಂದು ಬೀಳುವುದಿಲ್ಲ. ಬೇರೆಯವರು ಕೊಟ್ಟದ್ದು ತಿನ್ನದಂತೆ ಕಲಿಸಬಹುದು. ಮೊದಲ ವಾರ ಮುಷ್ಟಿಯಲ್ಲಿ ತಿನಿಸು ಹಿಡಿದು "ಬೇಡ", ಮೂತಿ ಹಿಂದೆ ಸರಿದ ಕ್ಷಣ ಇನ್ನೊಂದು ಕೈಯಿಂದ "ತಗೋ". ಎರಡನೆಯ ವಾರ ನೆಲದ ಮೇಲೆ. ಮೂರನೆಯ ವಾರ 5 ಮೀಟರ್ ಹಗ್ಗ ನಿಮ್ಮ ಕೈಯಲ್ಲಿ, ನಾಯಿಗೆ ಗುರುತಿಲ್ಲದವರೊಬ್ಬರು ಗೋಡೆಯಾಚೆಯಿಂದ ತುಂಡು ಎಸೆಯಬೇಕು. ಬಿಟ್ಟು ನಿಮ್ಮತ್ತ ತಿರುಗಿದರೆ ಅದಕ್ಕಿಂತ ರುಚಿಯಾದದ್ದು ನಿಮ್ಮಿಂದ. ಕೆಡುವುದೆಲ್ಲಿ ಅಂದರೆ, ದಿನಾ ಅದೇ ಮನುಷ್ಯ, ಅದೇ ಜಾಗ. ಆಗ ನಾಯಿ ಕಲಿಯುವುದು "ಈ ಅಂಕಲ್ ಗೇಟಿನ ಹತ್ತಿರ ಕೊಟ್ಟದ್ದು ಬೇಡ" ಅಂತ ಅಷ್ಟೇ. ಜನ ಬದಲಿಸಿ, ಹಿತ್ತಲು, ಕಾರಿನ ಅಡಿ, ಬೀದಿ ಅಂತ ಜಾಗ ಬದಲಿಸಿ, ತಿಂಗಳಿಗೊಮ್ಮೆ ಮತ್ತೆ ಮಾಡಿ. ಇಷ್ಟಾದರೂ ಪೂರ್ತಿ ನಂಬುವಂತಿಲ್ಲ. ಜೊಲ್ಲು ಸುರಿದು ಮೈ ಅದುರಲು ಶುರುವಾದರೆ ಹಾಲು, ಎಣ್ಣೆ, ಉಪ್ಪುನೀರು ಏನೂ ಕುಡಿಸದೆ ನೇರ ಆಸ್ಪತ್ರೆಗೆ ಓಡಿ. ತುಂಡು ಉಳಿದಿದ್ದರೆ ಅದನ್ನೂ ಚೀಲದಲ್ಲಿ ಒಯ್ಯಿರಿ.

ಊಟದಲ್ಲಿ ನಮ್ಮವರ ತಪ್ಪು ಒಂದೇ: ಹಾಲಿನಲ್ಲಿ ಜೋಳದ ರೊಟ್ಟಿ ಮುರಿದು ಹಾಕುವುದು. ಹೊಟ್ಟೆ ತುಂಬುತ್ತದೆ, ಸ್ನಾಯು ಬೆಳೆಯುವುದಿಲ್ಲ. 30 ಕೆಜಿಯ ನಾಯಿಗೆ ದಿನಕ್ಕೆ ಸುಮಾರು 350ರಿಂದ 400 ಗ್ರಾಂ ಒಣ ಆಹಾರ, ಎರಡು ಹೊತ್ತಿಗೆ ಹಂಚಿ. ಅಂದರೆ ತಿಂಗಳಿಗೆ 10ರಿಂದ 12 ಕೆಜಿ. ದೊಡ್ಡ ಜಾತಿಯ ಮರಿಗೆ ಅಂಗಡಿಯವನು ಕೊಡುವ ಕ್ಯಾಲ್ಸಿಯಂ ಸಿರಪ್ ಬೇಡ. ಮರಿಯ ಆಹಾರದಲ್ಲಿ ಇರಬೇಕಾದಷ್ಟು ಇರುತ್ತದೆ, ಹೆಚ್ಚಾದರೆ ಮೂಳೆಯೇ ಸೊಟ್ಟಗಾಗುತ್ತದೆ. ಆಳ ಎದೆಯ ನಾಯಿಗಳನ್ನು ಉಂಡ ಮೇಲೆ ಒಂದು ತಾಸು ಓಡಿಸಬೇಡಿ. ಹೊಟ್ಟೆ ಉಬ್ಬಿ, ವಾಂತಿ ಬಂದಂತಾಗಿ ಏನೂ ಬಾರದಿದ್ದರೆ ಜಠರ ತಿರುಚಿಕೊಂಡಿರಬಹುದು, ಕೈಯಲ್ಲಿ ಉಳಿದಿರುವುದು ಕೆಲವೇ ತಾಸು.

ಕಲಿಸುವ ಮಾತು ಯಾವ ಭಾಷೆಯಲ್ಲಿ? ಮನೆಯಲ್ಲಿ ಕನ್ನಡ, ಕೆಲಸದವರದು ಮರಾಠಿ, ವಾಚ್‌ಮನ್ ಹಿಂದಿ, ಮಕ್ಕಳು ಇಂಗ್ಲಿಷ್. ನಾಯಿಗೆ ಯಾವುದಾದರೂ ಸರಿ, ಎಲ್ಲರ ಬಾಯಲ್ಲೂ ಅದೇ ಶಬ್ದ ಇರಬೇಕು. "ಬಾ", "ಕೂಡು", "ಬೇಡ", "ತಗೋ", "ಸಾಕು" ಎಂಬ ಐದು ಪದ ಬರೆದು ಫ್ರಿಜ್ಜಿಗೆ ಅಂಟಿಸಿ. ಕಾವಲು ನಾಯಿಗೆ ಇವುಗಳಲ್ಲಿ ದೊಡ್ಡದು "ಸಾಕು". ಬೊಗಳಿದ ಕೂಡಲೇ ಗದರಿಸಬೇಡಿ, ಗದರಿಸಿದರೆ ಯಜಮಾನನೂ ತನ್ನ ಜೊತೆ ಬೊಗಳುತ್ತಿದ್ದಾನೆ ಅಂದುಕೊಳ್ಳುತ್ತದೆ. ನಾಲ್ಕೈದು ಸಲ ಬೊಗಳಲು ಬಿಟ್ಟು, ಹತ್ತಿರ ಹೋಗಿ, ಅದು ನೋಡುತ್ತಿರುವ ಕಡೆ ನೀವೂ ನೋಡಿ, ಮೆಲ್ಲಗೆ "ಸಾಕು" ಎಂದು ಮೂಗಿನ ಮುಂದೆ ತಿನಿಸು ಹಿಡಿಯಿರಿ. ಮೂಸುತ್ತ ಬೊಗಳಲು ಬರುವುದಿಲ್ಲ. ಮೂರು ಸೆಕೆಂಡ್ ಸುಮ್ಮನಿದ್ದರೆ ತಿನಿಸು ಅದರದ್ದು, ಮರುದಿನ ಐದು ಸೆಕೆಂಡ್, ಹೀಗೆ ಏರಿಸುತ್ತ ಹೋಗಿ.

ರಾತ್ರಿ ಎರಡಕ್ಕೆ ಅದು ಬೊಗಳಿದಾಗ ನೀವು ಏಳಬೇಕು. ಲೈಟು ಹಾಕಿ, ಕಿಟಕಿಯಿಂದ ನೋಡಿ, ಬೆಕ್ಕೇ ಆಗಿರಲಿ, "ಸಾಕು" ಅಂದು ಬಂದು ಮಲಗಿ. ಹತ್ತು ರಾತ್ರಿ ಯಾರೂ ಏಳದಿದ್ದರೆ ನಾಯಿ ಬೊಗಳುವುದನ್ನೇ ಬಿಡಬಹುದು, ಅಥವಾ ಬೆಳಗಿನ ತನಕ ನಿಲ್ಲಿಸದೇ ಇರಬಹುದು. ಎರಡನೆಯದಾದರೆ ಪಕ್ಕದ ಮನೆಯ ಕಾಕಾ ಬೆಳಗ್ಗೆ ನಿಮ್ಮ ಗೇಟಿಗೆ ತಮ್ಮದೇ ಒಂದು ಪಾಟಿ ತೂಗುಹಾಕಿರುತ್ತಾರೆ.